ಲಾಂಗ್ ರೈಡ್‌ಗೆ ರೈಡರ್ ಬ್ಯಾಕ್‌ರೆಸ್ಟ್: ಎಷ್ಟೆತ್ತರ, ಎಲ್ಲಿ ಕೂರಿಸೋದು, ಯಾವ ಫೋಮು?

ಕ್ಯಾತಸಂದ್ರ 350

ಎಲ್ಲರಿಗೂ ನಮಸ್ಕಾರ. ಗಾಡಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350. ಎತ್ತರ 5 ಅಡಿ 9 ಇಂಚು, ತೂಕ 78 ಕೆ.ಜಿ. ಓಡಾಟ ಹೆಚ್ಚಾಗಿ ತುಮಕೂರು–ಹುಬ್ಬಳ್ಳಿ ಹೈವೇಲಿ, ಸಲಕ್ಕೆ 300 ಕಿ.ಮೀ. ಮೇಲೆ. ಶಿರಾ ದಾಟಿ ಸ್ವಲ್ಪ ದೂರ ಹೋಗೋಷ್ಟರಲ್ಲಿ ಬೆಲ್ಟ್ ಕಟ್ಟೋ ಜಾಗದಲ್ಲಿ ನೋವು ಶುರು. ಕಾಲಿಗೆ ಇಳಿಯಲ್ಲ, ಜೋಮು ಹಿಡಿಯಲ್ಲ. ಬ್ಯಾಕ್‌ರೆಸ್ಟ್ ಹಾಕಿಸಬೇಕು ಅಂತ ಇದೆ. ಅಂಗಡಿಯಲ್ಲಿ ಕೇಳಿದರೆ ಹಿಂದಿನವರು ಒರಗೋದನ್ನೇ ತೋರಿಸ್ತಾರೆ. ರೆಡಿಮೇಡ್ ತಗೊಳ್ಳೋದಾ, ಇಲ್ಲೇ ಮಾಡಿಸೋದಾ? ಅಳತೆ ಏನು ಕೊಡಬೇಕು?

ನಟ್ಟು ಬೋಲ್ಟು

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ ಗುರುಗಳೇ. ಅಂಗಡಿಯಲ್ಲಿ ಬರೀ "ಬ್ಯಾಕ್‌ರೆಸ್ಟ್" ಅಂದರೆ ಹಿಂದೆ ಕೂರೋರದ್ದು ಅಂತಲೇ ಅರ್ಥ. ಮೀಟಿಯರ್‌ನ ಸೂಪರ್‌ನೋವಾ ಮಾದರಿ ಜೊತೆ ಕಂಪನಿಯಿಂದಲೇ ಬರೋದೂ ಅದೇ. ನಿಮಗೆ ಬೇಕಿರೋದು ರೈಡರ್ ಸೀಟಿಗೂ ಹಿಂದಿನ ಸೀಟಿಗೂ ನಡುವೆ ಎದ್ದು ನಿಲ್ಲೋದು. ಹಿಂದಿನದನ್ನು ಮುಂದಕ್ಕೆ ಬಗ್ಗಿಸಿ ಕೊಡ್ತೀವಿ ಅಂದರೆ ಒಪ್ಪಬೇಡಿ. ಅದರ ಕಂಬ ಅಷ್ಟು ದೂರದ ಭಾರ ಹೊರೋಕೆ ಮಾಡಿದ್ದಲ್ಲ.

ಇನ್ನೊಂದು ಮಾತು. ನಿಮ್ಮದರಂಥ ಕ್ರೂಸರ್‌ನಲ್ಲಿ ಫುಟ್‌ಪೆಗ್ (ಕಾಲಿಡೋ ಕಡ್ಡಿ) ಮುಂದಿರೋದರಿಂದ ಕಾಲು ಭಾರ ತಗೊಳ್ಳಲ್ಲ. ಗುಂಡಿ ಬಂದಾಗ ಪೆಗ್ ಮೇಲೆ ಎದ್ದು ತಪ್ಪಿಸಿಕೊಳ್ಳೋಕೂ ಆಗಲ್ಲ. ಎಲ್ಲಾ ಏಟು ಬಾಲಮೂಳೆಗೇ. ಅದಕ್ಕೇ ಈ ಜಾತಿ ಗಾಡಿಗಳಲ್ಲಿ ಬೆನ್ನಿಗೆ ಆಸರೆ ಕೊಟ್ಟರೆ ಗುಣ ಕಾಣುತ್ತೆ. ಮುಂದೆ ಬಾಗಿ ಓಡಿಸೋ ಗಾಡಿಗೆ ಹಾಕಿದರೆ ಅಲಂಕಾರ, ಅಷ್ಟೇ.

ನಂದಿ ತಿರುವು

ದುಡ್ಡು ಬಿಚ್ಚೋಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಚಿಕ್ಕಬಳ್ಳಾಪುರದಲ್ಲಿ ಈ ವಿಷಯ ಬಂದಾಗಲೆಲ್ಲ ಹೇಳೋ ಮಾತು ಇದು.

ಒಂದು ಡಫಲ್ ಬ್ಯಾಗ್‌ಗೆ ಹೊದಿಕೆ, ಟವೆಲ್ ಗಟ್ಟಿಯಾಗಿ ತುಂಬಿ 25ರಿಂದ 28 ಸೆಂ.ಮೀ. ದಪ್ಪ ಬರೋ ಹಾಗೆ ಸುತ್ತಿ. ಹಿಂದಿನ ಸೀಟಿನ ಮುಂಭಾಗಕ್ಕೆ ಅಡ್ಡಲಾಗಿ ಇಟ್ಟು ಬಕಲ್ ಇರೋ ಪಟ್ಟಿಯಿಂದ ಬಿಗೀರಿ. ಬಂಜಿ ಹಗ್ಗ ಬೇಡ, ಒರಗಿದಾಗ ಹಿಗ್ಗಿ ಬ್ಯಾಗು ಹಿಂದೆ ಸರಿಯುತ್ತೆ. ಪಟ್ಟಿಯ ತುದಿ ಚೈನ್ ಕಡೆ ಜೋಲಾಡದ ಹಾಗೆ ಗಂಟು ಹಾಕಿ. ಹಾಗೇ ಶಿರಾವರೆಗೆ ಹೋಗಿ ಬನ್ನಿ, ಹೋಗಿಬರೋದು ಸುಮಾರು 100 ಕಿ.ಮೀ. ಆಗುತ್ತೆ. ನೋವು ಅರ್ಧಕ್ಕೆ ಇಳಿದರೆ ಬ್ಯಾಕ್‌ರೆಸ್ಟ್ ನಿಮಗೆ ಆಗುತ್ತೆ. ಸ್ವಲ್ಪವೂ ಇಳೀಲಿಲ್ಲವಾ, ತೊಂದರೆ ಬೆನ್ನ ಹಿಂದೆ ಇಲ್ಲ. ಹ್ಯಾಂಡಲ್ ದೂರ ಇರಬಹುದು, ಸೀಟು ಮುಂದಕ್ಕೆ ಇಳಿಜಾರಾಗಿರಬಹುದು, ಹಿಂದಿನ ಶಾಕ್ ಕೊನೆವರೆಗೂ ಕುಸಿದು ಬಡೀತಿರಬಹುದು.

ನೋವು ಕಾಲಿಗೆ ಇಳಿಯುತ್ತೆ, ಪಾದ ಜೋಮು ಹಿಡಿಯುತ್ತೆ ಅನ್ನೋರು ಇದ್ದರೆ ಇಲ್ಲಿ ಓದೋದು ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಕೋಲಾರ ಕ್ರೂಸರ್

ಮೇಲಿನವರು ಹೇಳಿದ್ದು ಸರಿ. ಶಾಕ್ ವಿಷಯಕ್ಕೆ ಒಂದು ಸೇರಿಸ್ತೀನಿ. ಮೀಟಿಯರ್ ಹಿಂದಿನ ಶಾಕ್‌ಗೆ 6 ಹಂತದ ಪ್ರೀಲೋಡ್ ಇದೆ, ಅಂದರೆ ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಅನ್ನೋ ಹೊಂದಾಣಿಕೆ. ಲಗೇಜ್ ಹಾಕಿಕೊಂಡು ಮೊದಲನೇ ಹಂತದಲ್ಲೇ ಓಡಿಸಿದರೆ ಹಂಪ್‌ನಲ್ಲಿ ಶಾಕ್ ಬಾಟಮ್ ಆಗುತ್ತೆ. ಬ್ಯಾಕ್‌ರೆಸ್ಟ್ ಇದ್ದಾಗ ಅದೇ ಏಟು ಸೀಟಿನಿಂದ ಒಂದು, ಬೆನ್ನಿನಿಂದ ಒಂದು ಅಂತ ಎರಡು ಕಡೆ ಬೀಳುತ್ತೆ. ಮೊದಲು ಎರಡು ಹಂತ ಏರಿಸಿ ನೋಡಿ.

ಈಗ ಅಳತೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಇಲ್ಲೇ ಎಲ್ಲರೂ ಎಡವೋದು. ಖಾಲಿ ಸೀಟಿನ ಮೇಲೆ ಟೇಪ್ ಇಟ್ಟು ಅಳೀತಾರೆ. ಕೂತಾಗ ಸೀಟು 3ರಿಂದ 5 ಸೆಂ.ಮೀ. ಒಳಗೆ ಹೋಗುತ್ತೆ ಅನ್ನೋದು ಮರೆತು ಪ್ಯಾಡ್ ಅಷ್ಟು ಮೇಲಕ್ಕೆ ಕೂರುತ್ತೆ. ಆಗ ಅದು ಒತ್ತೋದು ಪಕ್ಕೆಲುಬಿನ ಕೆಳಗೆ, ಸೊಂಟ ಖಾಲಿ.

ಗಾಡಿನ ನೇರವಾಗಿ ನಿಲ್ಲಿಸಿ, ಒಬ್ಬರು ಮುಂದೆ ಹಿಡ್ಕೊಳ್ಳಲಿ. ನೀವು ರೈಡಿಂಗ್ ಜಾಕೆಟ್, ಬೂಟು, ಗ್ಲೌಸ್ ಎಲ್ಲ ಹಾಕಿ ಕೂತು ಎರಡು ಕಾಲೂ ಪೆಗ್ ಮೇಲೆ ಇಡಿ. ಜಾಕೆಟ್ ಯಾಕೆ ಅಂದರೆ, ಒಳಗಿನ ಬ್ಯಾಕ್ ಪ್ರೊಟೆಕ್ಟರ್ ಒಂದೇ 15–20 ಎಂಎಂ ದಪ್ಪ ಇರುತ್ತೆ. ಟೀ ಶರ್ಟಲ್ಲಿ ಅಳೆದ ಬ್ಯಾಕ್‌ರೆಸ್ಟ್ ಜಾಕೆಟ್ ಹಾಕಿದ ದಿನ ನಿಮ್ಮನ್ನ ಟ್ಯಾಂಕ್ ಕಡೆಗೆ ತಳ್ಳುತ್ತೆ. ಮೊಣಕೈ ಸ್ವಲ್ಪ ಮಡಚಿರಲಿ, ಭುಜ ಸಡಿಲವಾಗಿರಲಿ. ಹಾಗೆ ಕೂತಿರೋವಾಗ ಇನ್ನೊಬ್ಬರು ಎರಡು ಅಳತೆ ತಗೋಬೇಕು. ಒಂದು, ಅದುಮಿದ ಸೀಟಿನಿಂದ ಬೆಲ್ಟ್‌ನ ನಡುವಿನವರೆಗೆ ಎತ್ತರ. ಇದು ಹೆಚ್ಚಿನವರಿಗೆ 18ರಿಂದ 23 ಸೆಂ.ಮೀ. ಒಳಗೆ ಬರುತ್ತೆ. ಎರಡು, ಹಿಂದಿನ ಸೀಟಿನ ಮುಂದಿನ ಅಂಚಿನಿಂದ ನಿಮ್ಮ ಜಾಕೆಟ್‌ವರೆಗೆ ಅಡ್ಡ ದೂರ.

ಪ್ಯಾಡಿನ ಮಧ್ಯಭಾಗ ಬೆಲ್ಟಿಗೆ ಸಮ, ಇಲ್ಲವೇ ಒಂದೆರಡು ಸೆಂ.ಮೀ. ಮೇಲೆ ಬರಬೇಕು. ಪ್ಯಾಡ್ ಜಾಕೆಟ್‌ಗೆ ತಾಗಿಯೂ ತಾಗದ ಹಾಗಿರಬೇಕು. ಹಿಂದೆ ಹೆಚ್ಚಾದರೆ ಅದನ್ನ ಹುಡುಕಿಕೊಂಡು ಸೊಂಟ ಹಿಂದಕ್ಕೆ ಮಗುಚಿಕೊಳ್ಳುತ್ತೆ, ಬೆನ್ನು ಗೂನಾಗುತ್ತೆ. ಈಗ ಇರೋ ನೋವಿಗಿಂತ ಅದು ಕೆಟ್ಟದ್ದು. ಅಗಲ 28–30, ಎತ್ತರ 18–20 ಸೆಂ.ಮೀ. ಸಾಕು. ಭುಜದ ಮೂಳೆವರೆಗೆ ಏರಿಸಿದ ಸೋಫಾ ಥರದ್ದು ನೋಡೋಕೆ ಚೆನ್ನ. ತಿರುಗಿ ಹಿಂದೆ ನೋಡಬೇಕಾದಾಗ ಮೈ ತಿರುಗಲ್ಲ.

ಶಿರಾ ಗೇಟ್

ರೆಡಿಮೇಡ್ ತಗೊಳ್ಳೋದಾದರೆ ಮೂರು ಹೊಂದಾಣಿಕೆ ಇದೆಯಾ ನೋಡಿ: ಎತ್ತರ, ಹಿಂದೆ-ಮುಂದೆ, ಓರೆ. ಎತ್ತರ ಮಾತ್ರ ಇರೋದು ಜಾಸ್ತಿ ಸಿಗುತ್ತೆ. ಬಿಡೋದಾದರೆ ಓರೆ ಬಿಡಿ, ಹಿಂದೆ-ಮುಂದೆ ಮಾತ್ರ ಬಿಡಬೇಡಿ. ಬರೀ ಕೈಯಲ್ಲಿ ತಿರುಗಿಸೋ ನಾಬ್ ಮೇಲೆ ನಿಂತಿರೋದು ಬೇಡ. ಸಿಂಗಲ್ ಸಿಲಿಂಡರ್ ನಡುಕಕ್ಕೆ ಅದು ತಾನೇ ಬಿಚ್ಚಿಕೊಳ್ಳುತ್ತೆ. ತೂತಿನೊಳಗೆ ಪಿನ್ ಕೂರೋ ಥರದ್ದು ಒಳ್ಳೇದು, ನಾಬ್ ಸಡಿಲ ಆದರೂ ಪ್ಯಾಡ್ ಕೆಳಗೆ ಜಾರಲ್ಲ.

ಸೀಟಿನ ಫೋಮ್ ಒಳಗೆ ಕಡ್ಡಿ ಚುಚ್ಚಿ ನಿಲ್ಲಿಸೋ ಮಾದರಿಯೂ ಇದೆ. ಸೀಟಿನ ತಳ ಕಬ್ಬಿಣದ್ದಾದರೆ ಸರಿ. ಪ್ಲಾಸ್ಟಿಕ್ ತಳವಾದರೆ ಬೇಡ, ತೂತಿನ ಸುತ್ತ ಬಿರುಕು ಬಿಡುತ್ತೆ, ಆಮೇಲೆ ಸೀಟೇ ಬದಲಾಯಿಸಬೇಕು.

ಇಲ್ಲೇ ಮಾಡಿಸೋದಾದರೆ ಅಂತರಸನಹಳ್ಳಿ ಕಡೆ ಫ್ಯಾಬ್ರಿಕೇಷನ್ ಶೆಡ್‌ಗಳಿಗೆ ಕೊರತೆ ಇಲ್ಲ. ಆದರೆ ಗೇಟು, ಗ್ರಿಲ್ ಮಾಡೋ ಕೈಗೆ ಕೊಡಬೇಡಿ. 32×6 ಎಂಎಂ ಫ್ಲಾಟ್ ಪಟ್ಟಿ ಬಗ್ಗಿಸಿ ಒಂದು ವೆಲ್ಡ್ ಇಟ್ಟು ಕೈಗೆ ಕೊಡ್ತಾರೆ.

ನಟ್ಟು ಬೋಲ್ಟು

ಆ 32×6 ಪಟ್ಟಿ ಯಾಕೆ ಆಗಲ್ಲ ಅಂತ ಲೆಕ್ಕ ಹಾಕಿಯೇ ಹೇಳ್ತೀನಿ, ಶೆಡ್‌ನಲ್ಲಿ ವಾದ ಮಾಡೋಕೆ ಉಪಯೋಗ ಆಗುತ್ತೆ.

ಒರಗಿದಾಗ ಪ್ಯಾಡ್ ಮೇಲೆ 25 ಕೆ.ಜಿ. ಒತ್ತಡ ಅಂತ ಇಟ್ಟುಕೊಳ್ಳಿ. ಪ್ಯಾಡಿನ ಮಧ್ಯದಿಂದ ಬೋಲ್ಟ್ ಹಾಕಿರೋ ಜಾಗಕ್ಕೆ 28 ಸೆಂ.ಮೀ. ಅಂದರೆ ಬುಡದಲ್ಲಿ 7 ಕೆ.ಜಿ.-ಮೀಟರ್ ತಿರುಚು. ಒಂದೇ 32×6 ಪಟ್ಟಿ ಅಗಲದ ಮುಖ ಮುಂದೆ ಮಾಡಿ ನಿಂತಿದ್ದರೆ ಬುಡದಲ್ಲಿ ಚದರ ಎಂಎಂಗೆ ಸುಮಾರು 37 ಕೆ.ಜಿ. ಬೀಳುತ್ತೆ. ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) 25ರ ಹತ್ತಿರವೇ ಬಗ್ಗೋಕೆ ಶುರುವಾಗುತ್ತೆ. ನಿಂತ ಗಾಡಿಯಲ್ಲಿ ಗಟ್ಟಿಯಾಗಿ ಒರಗಿದರೇ ಬಾಗುತ್ತೆ ಅಂತಾಯ್ತು, ಇನ್ನು ಗುಂಡಿಯ ಮಾತು ಬಿಡಿ. ಅದೇ ಜಾಗಕ್ಕೆ 19 ಎಂಎಂ ಪೈಪು, 2 ಎಂಎಂ ಗೋಡೆಯದ್ದು, ಒಂದೇ ಹಾಕಿದರೆ 17. ಎರಡು ಹಾಕಿದರೆ ಅದರ ಅರ್ಧ. 25 ಎಂಎಂ ಪೈಪು ಒಂದೇ ಹಾಕಿದರೂ 9ರ ಆಸುಪಾಸು. ಎರಡು 19ರ ಪೈಪೇ ಮೇಲು, ಪ್ಯಾಡ್ ಪಕ್ಕಕ್ಕೆ ತಿರುಗಲ್ಲ.

ಬೋಲ್ಟ್ ಲೆಕ್ಕವೂ ಹಾಗೇ. ಬ್ರಾಕೆಟ್ ತಳದಲ್ಲಿ ಮುಂದಿನ ಬೋಲ್ಟ್‌ಗೂ ಹಿಂದಿನ ಆಸರೆಗೂ 10 ಸೆಂ.ಮೀ. ಅಂತರ ಇದ್ದರೆ ಮುಂದಿನ ಕಡೆ 70 ಕೆ.ಜಿ. ಎಳೆತ. ಅಂತರ 4 ಸೆಂ.ಮೀ. ಆದರೆ 175. ತಳದ ಪಟ್ಟಿ ಉದ್ದ ಇರಲಿ ಅನ್ನೋದು ಅದಕ್ಕೇ.

ಬೋಲ್ಟ್ ಎಂ8, ತಲೆ ಮೇಲೆ 8.8 ಅಂತ ಬರೆದಿರಬೇಕು. ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರೋದು, ತಾನೇ ಸಡಿಲ ಆಗಲ್ಲ), ಎರಡೂ ಕಡೆ ವಾಷರ್, ಬಿಗಿ ಸುಮಾರು 25 ನ್ಯೂಟನ್ ಮೀಟರ್. ನಟ್ ಹಾಕೋಕೆ ಜಾಗ ಇಲ್ಲದೆ ಫ್ರೇಮ್‌ನ ಥ್ರೆಡ್‌ಗೇ ಹೋಗ್ತಿದ್ದರೆ ನೀಲಿ ಥ್ರೆಡ್ ಲಾಕರ್ ಒಂದು ತೊಟ್ಟು, ಬಿಗಿ ಕಂಪನಿ ಹೇಳಿದಷ್ಟೇ. ಬ್ರಾಕೆಟ್ ದಪ್ಪ ಸೇರಿದಷ್ಟು ಉದ್ದದ ಬೋಲ್ಟ್ ಹೊಸದಾಗಿ ತರಬೇಕು. ಹಳೇ ಬೋಲ್ಟನ್ನೇ ಹಾಕಿದರೆ ಬ್ರಾಕೆಟ್ ದಪ್ಪದಷ್ಟು ಕಡಿಮೆ ಥ್ರೆಡ್ ಹಿಡಿಯುತ್ತೆ, ಎಳೆದಾಗ ಥ್ರೆಡ್ ಕಿತ್ತು ಬರುತ್ತೆ.

ಫ್ರೇಮ್‌ಗೆ ಡ್ರಿಲ್ ಬೇಡ. ವೆಲ್ಡ್ ಅಂತೂ ಬೇಡವೇ ಬೇಡ. ಹಿಂದಿನ ಸೀಟಿನ ಬೋಲ್ಟ್, ಗ್ರ್ಯಾಬ್ ರೈಲ್ ಬೋಲ್ಟ್ ಇವನ್ನೇ ಬಳಸಿಕೊಳ್ಳಿ, ಮಡ್‌ಗಾರ್ಡ್ ತಗಡಿಗೆ ಹಿಡಿದಿರೋ ಸಣ್ಣ ಸ್ಕ್ರೂಗಳನ್ನಲ್ಲ. ಮುರಿಯೋದು ಯಾವಾಗಲೂ ವೆಲ್ಡ್‌ನ ಅಂಚಲ್ಲಿ, ಅದೂ ಪೈಪು ತಳದ ಪಟ್ಟಿಗೆ ಕೂಡೋ ಜಾಗದ ಮುಂಭಾಗದಲ್ಲಿ. ಅಲ್ಲೊಂದು ಮೂಲೆಪಟ್ಟಿ ಕೊಡಿಸಿ, 3 ಎಂಎಂ ತಗಡಿನ ತ್ರಿಕೋನ, 4 ಸೆಂ.ಮೀ. ಬದಿ. ಐದು ನಿಮಿಷದ ಕೆಲಸ, ಆಯಸ್ಸು ಎಷ್ಟೋ ಪಾಲು ಹೆಚ್ಚು.

ಕುಶನ್ ಮೇಷ್ಟ್ರು

ಕಬ್ಬಿಣದ ಬಗ್ಗೆ ಇಷ್ಟು ಮಾತಾಡಿ ಸ್ಪಂಜು ಮಾತ್ರ "ಮೆತ್ತಗಿರೋದು ಹಾಕಿ" ಅಂತ ಬಿಟ್ಟುಬಿಡೋರೇ ಜಾಸ್ತಿ. ಮೆತ್ತಗಿರೋದು ಮೊದಲ ಅರ್ಧ ಗಂಟೆ ಮಾತ್ರ ಸುಖ.

ಫೋಮ್ ಕೇಳೋವಾಗ ಡೆನ್ಸಿಟಿ ನಂಬರ್ ಹೇಳಿ. 40 ಡೆನ್ಸಿಟಿ ಅಂದರೆ ಒಂದು ಘನ ಮೀಟರ್‌ಗೆ 40 ಕೆ.ಜಿ. ತೂಕ. ಅಂಗಡಿಯವರು 40 ಅಂತ ಹೇಳಿ 23 ಕೊಟ್ಟರೆ ಕೈಯಲ್ಲಿ ಅದುಮಿ ಗೊತ್ತಾಗಲ್ಲ, ತೂಕಕ್ಕೆ ಹಾಕಿದರೆ ಗೊತ್ತಾಗುತ್ತೆ. 30×20×5 ಸೆಂ.ಮೀ. ತುಂಡು 120 ಗ್ರಾಂ ತೂಗಬೇಕು. 70 ಗ್ರಾಂ ಬಂತು ಅಂದರೆ ಅದು 23ರ ಮಾಲು, ಸ್ವಲ್ಪ ದಿನದಲ್ಲೇ ಚಪಾತಿ ಆಗುತ್ತೆ. ಪಕ್ಕದ ಕಿರಾಣಿ ಅಂಗಡಿ ತಕ್ಕಡಿ ಸಾಕು.

ಜೋಡಿಸೋ ಕ್ರಮ: ಹಿಂದೆ 10 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್, ಅದಕ್ಕೆ ಹಿಂದಿನಿಂದ ಬರೋ ಬೋಲ್ಟ್ ಕೂರೋಕೆ ಎಂ8 ಟೀ-ನಟ್ (ಮರಕ್ಕೆ ಬಡಿದು ಕೂರಿಸೋ ಚಪ್ಪಟೆ ತಲೆಯ ನಟ್) ನಾಲ್ಕು. ಅದರ ಮೇಲೆ 20 ಎಂಎಂ ರೀಬಾಂಡೆಡ್, ಬಣ್ಣಬಣ್ಣದ ಚೂರು ಒತ್ತಿ ಮಾಡಿರ್ತಾರಲ್ಲ ಅದು, 80–100 ಡೆನ್ಸಿಟಿ. ಅದರ ಮೇಲೆ 40 ಎಂಎಂ ದಪ್ಪದ ಪಿಯು ಫೋಮ್, ಮೇಲೆ ಹೇಳಿದ 40 ಡೆನ್ಸಿಟಿಯದ್ದು. ರೀಬಾಂಡೆಡ್ ಬಿಟ್ಟು ಬರೀ ಮೆತ್ತನೆಯದು ಹಾಕಿದರೆ ಗುಂಡಿಯಲ್ಲಿ ಟೀ-ನಟ್ಟಿನ ತಲೆ ಬೆನ್ನಿಗೆ ಚುಚ್ಚುತ್ತೆ. ಪ್ಲೈವುಡ್ ಅಂಚು ಉಜ್ಜಿ ಗುಂಡಗೆ ಮಾಡಿಸಿ, ಇಲ್ಲದಿದ್ದರೆ ರೆಕ್ಸಿನ್ ಮೊದಲು ಹರಿಯೋದು ಅಲ್ಲೇ.

ಬೆನ್ನ ಕಡೆ ಮಧ್ಯದಲ್ಲಿ ಉದ್ದಕ್ಕೆ ಒಂದು ಸಣ್ಣ ತಗ್ಗು, ಎರಡು ಬೆರಳು ಅಗಲ, 8–10 ಎಂಎಂ ಆಳ, ಬಿಡಿಸಿ. ಬೆನ್ನುಮೂಳೆಯ ಗಂಟುಗಳು ಅದರೊಳಗೆ ಬಂದು ಒತ್ತಡ ಎರಡು ಬದಿಯ ಮಾಂಸಖಂಡಕ್ಕೆ ಹೋಗುತ್ತೆ.

ಜೆಲ್ ಪ್ಯಾಡ್ ಬಗ್ಗೆ ಕೇಳ್ತಾರೆ. ಕೋಲಾರ, ಮುಳಬಾಗಿಲು ಬಿಸಿಲಲ್ಲಿ ಗಾಡಿ ನಿಲ್ಲಿಸಿ ಊಟ ಮಾಡಿ ಬಂದು ಒರಗಿ ನೋಡಿ, ಮತ್ತೆ ಕೇಳಲ್ಲ. ಜೆಲ್ ಬಿಸಿ ಹಿಡಿದುಕೊಂಡರೆ ಬೇಗ ಬಿಡಲ್ಲ.

ರೆಕ್ಸಿನ್ ಹೊಲಿಗೆ ಪ್ಯಾಡಿನ ಮೇಲಂಚಲ್ಲಿ ಬರಬಾರದು. ಮಳೆ ನೀರು ಸೂಜಿ ತೂತಿನಲ್ಲಿ ಇಳಿದು ಫೋಮ್ ಕುಡಿಯುತ್ತೆ, ಮಾರನೇ ದಿನ ಒರಗಿದಾಗ ಜಾಕೆಟ್ ಒದ್ದೆ. ಹೊಲಿಗೆ ಬದಿಗೆ ತಗೊಂಡು ರೆಕ್ಸಿನ್ ಒಳಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿಸಿ. ತಳದಲ್ಲಿ ಮಾತ್ರ ನೀರು ಇಳಿಯೋಕೆ ಸಣ್ಣ ಜಾಗ ಬಿಡಿ.

ಮುಳಬಾಗಿಲು 450

ಇದೇ ಅಳತೆ ಮಣ್ಣು ರಸ್ತೆಗೂ ಹೋಗೋ ಹಿಮಾಲಯನ್ 450ಗೂ ನಡೆಯುತ್ತಾ? ಸೀಟು 825 ಎಂಎಂ ಎತ್ತರಕ್ಕೆ ಇದೆ.

ಕೋಲಾರ ಕ್ರೂಸರ್

ಅಳತೆ ನಡೆಯುತ್ತೆ, ಉದ್ದೇಶ ನಡೆಯಲ್ಲ ಬ್ರದರ್. ಆ ಗಾಡಿಯಲ್ಲಿ ಎದ್ದು ನಿಲ್ಲೋದೇ ಮುಖ್ಯ. ನಿಂತು ಕೂರೋವಾಗ ಪ್ಯಾಡಿನ ಮೇಲಂಚಿಗೆ ಜಾಕೆಟ್ ಸಿಕ್ಕಿಕೊಳ್ಳುತ್ತೆ. ಸೀಟು ಮೊದಲೇ ಎತ್ತರ, ಅದರ ಮೇಲೆ 25 ಸೆಂ.ಮೀ. ಏರಿದರೆ ಕಾಲು ಹಾಯಿಸೋದೂ ಕಷ್ಟ. ಹಾಕಲೇಬೇಕು ಅಂದರೆ 12–14 ಸೆಂ.ಮೀ. ಎತ್ತರದ ಸಣ್ಣ ಪ್ಯಾಡು, ಪಿನ್ ಎಳೆದರೆ ಕಳಚಿ ಬರೋ ಥರದ್ದು. ಟಾರ್ ರಸ್ತೆಗೆ ಹಾಕಿ, ಮಣ್ಣು ರಸ್ತೆ ಬಂದಾಗ ಬಿಚ್ಚಿ ಬ್ಯಾಗಿಗೆ.

ಬೆನ್ನಿಗೆ ಬ್ಯಾಗ್ ಹಾಕೋ ಅಭ್ಯಾಸ ಇರೋರಿಗೆ ಯಾವ ಗಾಡಿಯಲ್ಲೂ ಬ್ಯಾಕ್‌ರೆಸ್ಟ್ ದಂಡ. ನೀರಿನ ಚೀಲವೂ ಅಷ್ಟೇ, ಟ್ಯಾಂಕ್ ಬ್ಯಾಗಿಗೆ ಹೋಗಬೇಕು.

ಹಿಂದಿನ ಸೀಟು

ಹಿಂದೆ ಕೂರೋರ ಪರವಾಗಿ ಎರಡು ಮಾತು. ಇಷ್ಟು ಹೊತ್ತು ಯಾರೂ ಎತ್ತಲಿಲ್ಲ.

ರೈಡರ್ ಬ್ಯಾಕ್‌ರೆಸ್ಟ್ ಬಂದರೆ ಹಿಂದಿನವರ ಮಂಡಿ ಜಾಗ 8–10 ಸೆಂ.ಮೀ. ಹೋಯ್ತು. ಬ್ರೇಕ್ ಹಾಕಿದಾಗ ಎದೆಗೆ, ಹೊಟ್ಟೆಗೆ ಬಡಿಯೋದು ಅದರ ಹಿಂಭಾಗ. ಅಲ್ಲಿ ಬರೀ ಪ್ಲೈವುಡ್, ಬೋಲ್ಟ್ ತಲೆ ಬಿಟ್ಟು ಕಳಿಸ್ತಾರೆ. ಹಿಂಭಾಗಕ್ಕೂ 15 ಎಂಎಂ ಫೋಮ್ ಹಾಕಿ ಮುಚ್ಚಿಸಿ, ಬೋಲ್ಟ್ ತುದಿಗೆ ಕ್ಯಾಪ್ ನಟ್ ಹಾಕಿಸಿ. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತಾಗ ಸೆರಗು, ವೇಲು ಸಿಕ್ಕಿಕೊಳ್ಳೋದು ಬ್ರಾಕೆಟ್ಟಿನ ಮೂಲೆಗೆ. ಮೂಲೆ ಎಲ್ಲ ಗ್ರೈಂಡರ್‌ನಲ್ಲಿ ಗುಂಡಗೆ ಮಾಡಿಸಿ, ಬೆರಳಾಡಿಸಿ ನೋಡಿ. ಇಬ್ಬರ ನಡುವೆ ಮಗುವನ್ನ ಕೂರಿಸೋ ಮನೆಯವರು ಇದನ್ನ ಹಾಕಿಸಲೇಬೇಡಿ.

ಹತ್ತೋ ಕ್ರಮವೂ ಬದಲಾಗುತ್ತೆ. ಹಿಂದಿನವರು ಮೊದಲು ಹತ್ತೋ ಅಭ್ಯಾಸ ಇದ್ದರೆ ಬಿಡಬೇಕು. ರೈಡರ್ ಮೊದಲು ಕೂತು, ಗಾಡಿ ನೇರ ಮಾಡಿ, ಆಮೇಲೆ ಹಿಂದಿನವರು. ಒಬ್ಬರೇ ಹೋಗೋವಾಗ ಎಡ ಪೆಗ್ ಮೇಲೆ ನಿಂತು ಕಾಲು ಹಾಯಿಸಬೇಡಿ, ಸೈಡ್ ಸ್ಟ್ಯಾಂಡ್ ಮೇಲೆ ಗಾಡಿಯ 191 ಕೆ.ಜಿ. ಜೊತೆ ನಿಮ್ಮ ತೂಕವೂ ಬೀಳುತ್ತೆ. ಮಂಡಿ ಮಡಚಿ ಬ್ಯಾಕ್‌ರೆಸ್ಟ್‌ಗಿಂತ ಮುಂದೆ, ಟ್ಯಾಂಕ್ ಹಿಂದೆ ಕಾಲು ಹಾಯಿಸಿ.

ಶಿರಾ ಗೇಟ್

ಮೇಡಂ ಹೇಳಿದ್ದು ನೂರಕ್ಕೆ ನೂರು. ಇನ್ನೊಂದು: ಬ್ರಾಕೆಟ್ಟಿಗೆ ಜಾಗ ಮಾಡೋಕೆ ಗ್ರ್ಯಾಬ್ ರೈಲ್ ಬಿಚ್ಚಿ ಮನೆಯಲ್ಲಿಡೋರು ಇದ್ದಾರೆ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದೆ ಕೂರೋರಿಗೆ ಕೈಹಿಡಿ, ಕಾಲಿಡೋ ಪೆಗ್, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಮುಚ್ಚೋ ಗಾರ್ಡ್, ಮೂರೂ ಇರಲೇಬೇಕು. ರೈಲ್ ಇದ್ದ ಹಾಗೇ ಅದರ ಬೋಲ್ಟಿಗೆ ಬ್ರಾಕೆಟ್ ಸೇರಿಸಿ.

ಕ್ಯಾತಸಂದ್ರ 350

ಬ್ಯಾಗ್ ಪರೀಕ್ಷೆಯಲ್ಲಿ ಗುಣ ಕಾಣಿಸಿದೆ. ಪ್ರೀಲೋಡ್ 1ರಿಂದ 3ಕ್ಕೆ ಏರಿಸಿದ್ದಾಯ್ತು. ಜಾಕೆಟ್ ಹಾಕಿ ತೆಗೆದ ಅಳತೆ: ಬೆಲ್ಟ್ ಎತ್ತರ 21 ಸೆಂ.ಮೀ., ಹಿಂದಿನ ಸೀಟಿನ ಅಂಚಿನಿಂದ ಜಾಕೆಟ್‌ಗೆ 9 ಸೆಂ.ಮೀ. ಶೆಡ್‌ಗೆ ಏನಂತ ಬರೆದುಕೊಡಲಿ?

ನಟ್ಟು ಬೋಲ್ಟು

ಹೀಗೆ ಬರೆದುಕೊಡಿ. ಪ್ಯಾಡಿನ ಮಧ್ಯ ಅದುಮಿದ ಸೀಟಿನಿಂದ 22 ಸೆಂ.ಮೀ. ಪ್ಯಾಡ್ 20 ಸೆಂ.ಮೀ. ಎತ್ತರ ಇರೋದರಿಂದ ಕೆಳಗಿನ ಅಂಚು 12ಕ್ಕೆ, ಮೇಲಿನದು 32ಕ್ಕೆ. ಕೆಳಗಿನ ಆ ಖಾಲಿ ಜಾಗ ಮುಚ್ಚಿಸಬೇಡಿ, ಕುಂಡಿ ಹಿಂದಕ್ಕೆ ಹೋಗೋಕೆ ಬೇಕು. ಪ್ಯಾಡ್ ದಪ್ಪ ಪ್ಲೈವುಡ್ ಸೇರಿ 7 ಸೆಂ.ಮೀ., ಹಿಂಭಾಗದ ಫೋಮ್ 1.5, ಒಟ್ಟು ಎಂಟೂವರೆ. ನಿಮಗಿರೋದು 9. ಅಂದರೆ ಪೈಪು ಹಿಂದಿನ ಸೀಟಿನ ಅಂಚಿಗೆ ಅಂಟಿದ ಹಾಗೇ ಏಳಬೇಕು, ಅಥವಾ ಸೀಟಿನ ಮೇಲಕ್ಕೆ 1 ಸೆಂ.ಮೀ. ಹಿಂದೆ ಹೋದರೂ ಸರಿ. ಎತ್ತರಕ್ಕೆ 2 ಸೆಂ.ಮೀ.ಗೊಂದರಂತೆ ಮೂರು ತೂತು, ಹಿಂದೆ-ಮುಂದೆಗೆ 4 ಸೆಂ.ಮೀ. ಉದ್ದದ ಸ್ಲಾಟು. ಓರೆ ನೇರದಿಂದ ಹಿಂದಕ್ಕೆ 10 ಡಿಗ್ರಿ, ಸ್ಥಿರ.

ಪೇಂಟ್ ಹೊಡೆಯೋಕೆ ಮುಂಚೆ ಬರೀ ಟ್ಯಾಕ್ ವೆಲ್ಡ್‌ನಲ್ಲಿ (ಚುಕ್ಕೆ ಚುಕ್ಕೆ ತಾತ್ಕಾಲಿಕ ಬೆಸುಗೆ) ಗಾಡಿಗೆ ಕೂರಿಸಿ, ಒರಗದೆ ಸುಮ್ಮನೆ ಕೂತು ಅಳತೆ ನೋಡಿ. ಹಿಂದಿನ ಸೀಟಿನ ಬೀಗ ತೆಗೆಯೋಕೆ, ಸೀಟು ಎತ್ತೋಕೆ ಆಗುತ್ತಾ ಅಂತ ಆಗಲೇ ಪರೀಕ್ಷಿಸಿ. ಸೀಟಿನ ಕೆಳಗೆ ವೈರಿಂಗ್ ಹೋಗೋ ಕಡೆ ಬ್ರಾಕೆಟ್ ಅಂಚು ತಾಗ್ತಿದ್ದರೆ ಹಳೇ ಟ್ಯೂಬ್ ರಬ್ಬರ್ ಸೀಳಿ ಸುತ್ತಿ. ತೃಪ್ತಿ ಆದ ಮೇಲೆ ಬಿಚ್ಚಿ ಪೂರ್ತಿ ವೆಲ್ಡ್. ಗಾಡಿ ಮೇಲೇ ವೆಲ್ಡ್ ಮಾಡ್ತೀನಿ ಅಂದರೆ ಬೇಡ ಅನ್ನಿ. ಟ್ಯಾಕ್ ಇಡೋವಾಗಲೂ ಕಳಚಿ ಕೆಳಗಿಟ್ಟೇ ಇಡಿಸಿ. ಗಾಡಿ ಮೇಲೆ ಕರೆಂಟ್ ಹರಿದರೆ ಇಸಿಯು, ಅಂದರೆ ಎಂಜಿನ್ ನಡೆಸೋ ಎಲೆಕ್ಟ್ರಾನಿಕ್ ಪೆಟ್ಟಿಗೆ, ಹೋಗಬಹುದು.

ಮೊದಲ 100 ಕಿ.ಮೀ. ಆದ ಮೇಲೆ ಎಲ್ಲಾ ಬೋಲ್ಟ್ ಮತ್ತೆ ಬಿಗಿ ನೋಡಿ, ಆಮೇಲೆ 500ಕ್ಕೆ, ಮುಂದೆ ಸರ್ವೀಸಿಗೊಮ್ಮೆ. ಬಿಗಿ ಮಾಡಿದ ದಿನವೇ ಬೋಲ್ಟ್ ತಲೆಯಿಂದ ಬ್ರಾಕೆಟ್‌ವರೆಗೆ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೆಯಿರಿ. ಪೆಟ್ರೋಲ್ ಹಾಕಿಸೋವಾಗ ಒಂದು ಕಣ್ಣು ಹಾಯಿಸಿದರೆ ಸಾಕು, ಗೆರೆ ಎರಡು ತುಂಡಾಗಿದ್ದರೆ ಬೋಲ್ಟ್ ತಿರುಗಿದೆ. ಗೆರೆ ಸರಿಯಾಗಿದ್ದೂ ಕಟಕಟ ಸದ್ದು ಬರ್ತಿದ್ದರೆ ಪೈಪು ಕೂರೋ ಜಾಗದಲ್ಲಿ ಸವೆತ. ಅಲ್ಲಿಗೆ ನೈಲಾನ್ ಬುಶ್ ಹಾಕಿಸಿ, ಬೋಲ್ಟನ್ನ ಇನ್ನಷ್ಟು ಬಿಗೀಬೇಡಿ.